ಟೊಮೆಟೊ ನೀರು ಬಿಡಬೇಕು, ಪನೀರು ಬಿಡಬಾರದು

ಇವತ್ತು ಪನೀರು ಹಾಕಿದ ಟೊಮೆಟೊ ಚಟ್ನಿ. ಮುಂಬೈಯ ಮಾಟುಂಗಾ ಮಾರ್ಕೆಟ್ಟಿನ ಚೀಲ ಬಿಚ್ಚೋಣ. ಅರ್ಧ ಕಿಲೋ ಟೊಮೆಟೊ, 150 ಗ್ರಾಂ ಪನೀರು, ಕರಿಬೇವು, ಒಂದು ಹಿಡಿ ಕೊತ್ತಂಬರಿ ಸೊಪ್ಪು. ಮೂರು ಜನಕ್ಕೆ ಚಪಾತಿ ಜೊತೆ ಧಾರಾಳ. ಅರ್ಧ ಗಂಟೆಯೊಳಗೆ ಮುಗಿಯುತ್ತೆ.

ಮೊದಲು ಟೊಮೆಟೊ ನೋಡಿ. ಮುಂಬೈಯ ತರಕಾರಿ ಗಾಡಿಯಲ್ಲಿ ಎರಡು ಥರ ಸಿಗುತ್ತೆ. ಮೊಟ್ಟೆಯಾಕಾರದ್ದು ದಪ್ಪ ಸಿಪ್ಪೆ, ತಿರುಳು ಜಾಸ್ತಿ, ಹುಳಿ ಕಮ್ಮಿ. ದುಂಡಗೆ, ತೊಟ್ಟಿನ ಹತ್ತಿರ ಮಡಿಕೆ ಬಿದ್ದಿರೋದು ‘ಗಾವ್ಠಿ’, ಅಂದ್ರೆ ನಮ್ಮ ನಾಟಿ. ಬರೀ ಗಾವ್ಠಿ ಹಾಕಿದ್ರೆ ಎಷ್ಟು ಬೆಲ್ಲ ಹಾಕಿದ್ರೂ ಹುಳಿ ತಗ್ಗಲ್ಲ, ಬರೀ ಮೊಟ್ಟೆಯಾಕಾರದ್ದು ಹಾಕಿದ್ರೆ ಸಪ್ಪೆ. ಅರ್ಧ ಅದು, ಅರ್ಧ ಇದು ಇರಲಿ.

ಐದು ಬ್ಯಾಡಗಿ ಮೆಣಸಿನಕಾಯಿ ಬಿಸಿನೀರಲ್ಲಿ ಹತ್ತು ನಿಮಿಷ ನೆನೀಲಿ. ಇಲ್ಲಿನ ಅಂಗಡೀಲಿ ‘ಬೇಡಗಿ ಮಿರ್ಚಿ’ ಅಂತ ಕೇಳಿ. ಬಣ್ಣ ಕೊಡೋದು ಇದೇ. ಖಾರ ಬೇಕಾದ್ರೆ ಜೊತೆಗೆ ಒಂದು ಗುಂಟೂರು. ಆರು ಎಸಳು ಬೆಳ್ಳುಳ್ಳಿ ಸೇರಿಸಿ ತರಿತರಿಯಾಗಿ ರುಬ್ಬಿಡಿ. ಇನ್ನೊಂದು ಬಟ್ಟಲಲ್ಲಿ ಬಿಸಿನೀರು, ಅರ್ಧ ಚಮಚ ಉಪ್ಪು. ಪನೀರು ಅದರಲ್ಲಿ ಮುಳುಗಿರಲಿ. ಫ್ರಿಜ್ಜಿನಿಂದ ತೆಗೆದ ಪನೀರು ಗಟ್ಟಿ, ಒಳಗೆ ಉಪ್ಪೂ ಇರಲ್ಲ.

ಬಾಣಲೆ ಸ್ಟೀಲಿಂದು ಅಥವಾ ನಾನ್‌ಸ್ಟಿಕ್ ಇರಲಿ. ಕಬ್ಬಿಣದ್ದರಲ್ಲಿ ಟೊಮೆಟೊ ಹುಳಿಗೆ ಚಟ್ನಿ ಕಪ್ಪಾಗುತ್ತೆ, ಬಾಯಲ್ಲಿ ಲೋಹದ ರುಚಿ ಉಳಿಯುತ್ತೆ. ಒಂದು ದೊಡ್ಡ ಚಮಚ ಎಣ್ಣೆ ಕಾಯಿಸಿ, ಎರಡು ಹೋಳು ಮಾಡಿದ ಟೊಮೆಟೊ ಮಗುಚಿ ಇಡಿ, ಕೊಯ್ದ ಭಾಗ ಕೆಳಗೆ. ಮುಕ್ಕಾಲು ಚಮಚ ಉಪ್ಪು ಉದುರಿಸಿ, ಐದು ನಿಮಿಷ ಮುಚ್ಚಿಡಿ. ಮುಚ್ಚಳ ತೆಗೆದಾಗ ಸಿಪ್ಪೆ ಸುಕ್ಕಾಗಿ ಎದ್ದಿರುತ್ತೆ. ಇಕ್ಕಳದಲ್ಲಿ ಎಳೆದ್ರೆ ಟೋಪಿ ತೆಗೆದ ಹಾಗೆ ಬರುತ್ತೆ. ಟೊಮೆಟೊ ತಟ್ಟೆಗೆ ತೆಗೀರಿ.

ಅದೇ ಬಾಣಲೆಗೆ ರುಬ್ಬಿದ ಮೆಣಸು, ಕಾಲು ಚಮಚ ಅರಿಶಿನ. ಸಣ್ಣ ಉರಿ, ಒಂದು ನಿಮಿಷ, ಕೈ ಬಿಡಬೇಡಿ. ಬೆಳ್ಳುಳ್ಳಿಯ ಹಸಿ ವಾಸನೆ ಹೋದ್ರೆ ಸಾಕು. ಸೀದರೆ ಕಹಿ, ಅದಕ್ಕೆ ಮದ್ದಿಲ್ಲ. ಬಾಣಲೆ ತೊಳೆದು ಮತ್ತೆ ಶುರು ಮಾಡೋದೇ.

ಟೊಮೆಟೊ ವಾಪಸ್ ಹಾಕಿ, ಪಾವ್‌ಭಾಜಿ ಮ್ಯಾಶರ್‌ನಲ್ಲಿ ಮಸೆಯಿರಿ. ಮಿಕ್ಸಿ ಬೇಡ, ನುಣ್ಣಗಾದ್ರೆ ಸಾಸ್ ಆಗುತ್ತೆ, ಚಟ್ನಿ ಆಗಲ್ಲ. ಇನ್ನು ಮುಚ್ಚಳ ಮುಟ್ಟಬೇಡಿ. ದೊಡ್ಡ ಉರೀಲಿ ಎಂಟರಿಂದ ಹತ್ತು ನಿಮಿಷ ಬಾಡಿಸಿ. ಗಡಿಯಾರ ನೋಡ್ಬೇಡಿ, ಸೌಟು ನೋಡಿ: ನಡುವೆ ಗೆರೆ ಎಳೆದ್ರೆ ಎರಡು ಸೆಕೆಂಡು ನಿಲ್ಲಬೇಕು, ನೀರು ಹರಿದು ಬಂದು ಮುಚ್ಚಬಾರದು. ಅಂಚಲ್ಲಿ ಎಣ್ಣೆ ಬಿಟ್ಟಿರಬೇಕು. ಜಾಸ್ತಿ ಜನ ಅವಸರ ಮಾಡೋದು ಇಲ್ಲೇ, ಆಮೇಲೆ ತಟ್ಟೆ ತುಂಬ ಕೆಂಪು ನೀರು. ಒಂದು ಚಮಚ ಬೆಲ್ಲ ಈಗ ಹಾಕಿ, ಮೊದಲೇ ಹಾಕಿದ್ರೆ ತಳ ಹಿಡಿಯುತ್ತೆ.

ಈಗ ಪನೀರು. ನೀರು ಬಸಿದು, ಬಟ್ಟೇಲಿ ಒತ್ತಿ ಒರೆಸಿ. ಅರ್ಧ ಪುಡಿ ಮಾಡಿ, ಅರ್ಧ ಕಡಲೇಕಾಳು ಗಾತ್ರ ಹೆಚ್ಚಿ. ಪುಡಿ ಚಟ್ನಿಯನ್ನ ಹಿಡಿದಿಡುತ್ತೆ, ಚೂರು ಬಾಯಿಗೆ ಸಿಗುತ್ತೆ. ಕ್ರೀಮಾದ್ರೆ ಈ ಹುಳಿಗೆ ಒಡೆಯೋ ಭಯ ಇದೆ. ಪನೀರು ಆಗಲೇ ಒಡೆದ ಹಾಲು ತಾನೇ, ಇನ್ನೇನು ಒಡೆಯುತ್ತೆ! ಆದ್ರೆ ಕುದಿಸೋ ಹಾಗಿಲ್ಲ. ಬಿಸಿ ಹೆಚ್ಚಾದಷ್ಟೂ ಬಿಗಿದುಕೊಂಡು ಒಳಗಿನ ನೀರು ಹಿಂಡುತ್ತೆ. ಆಗ ಪನೀರು ರಬ್ಬರು, ಕಷ್ಟಪಟ್ಟು ಇಂಗಿಸಿದ ಚಟ್ನಿ ಮತ್ತೆ ತೆಳು. ಒಂದೇ ನಿಮಿಷ ತಿರುಗಿಸಿ, ಒಲೆ ಆರಿಸಿ.

ಒಗ್ಗರಣೆ ಕೊನೇಲಿ: ಒಂದು ಚಮಚ ಎಣ್ಣೆ, ಅರ್ಧ ಚಮಚ ಸಾಸಿವೆ, ಒಂದು ಚಮಚ ಉದ್ದಿನಬೇಳೆ, ಚಿಟಿಕೆ ಇಂಗು, ಕರಿಬೇವು. ಮೊದಲೇ ಹಾಕಿದ್ರೆ ಬೇಳೆ ಮೆತ್ತಗಾಗುತ್ತೆ. ಮೇಲೆ ಕೊತ್ತಂಬರಿ.

ಚಪಾತಿ ಬಿಟ್ರೆ ಬೆಣ್ಣೇಲಿ ಕಾಯಿಸಿದ ಲಾದಿ ಪಾವ್ ಒಳ್ಳೆ ಜೋಡಿ. ಫ್ರಿಜ್ಜಲ್ಲಿ ಎರಡು ದಿನ ಇರುತ್ತೆ; ಹೆಚ್ಚು ಮಾಡೋದಿದ್ರೆ ಪನೀರಿಲ್ಲದ ಚಟ್ನಿ ಎತ್ತಿಟ್ಟು, ಬೇಕಾದಾಗ ಬಿಸಿ ಮಾಡಿ ಪನೀರು ಸೇರಿಸಿ. ಡಬ್ಬಿಗೆ ಹಾಕೋದಾದ್ರೆ ಪೂರ್ತಿ ಆರಲಿ. ಬಿಸಿಯಲ್ಲೇ ಮುಚ್ಚಿದ್ರೆ ಹಬೆ ಹನಿಯಾಗಿ ಕೆಳಗಿಳಿಯುತ್ತೆ, ಲೋಕಲ್ ಟ್ರೇನಿನ ನೂಕಾಟಕ್ಕೆ ಬ್ಯಾಗೆಲ್ಲ ಕೆಂಪು.