ನೋಯುವ ಮಂಡಿ ನಂಬಿ ಟೀಮ್ ಕಟ್ಟಬಹುದಾ?

ನಮಸ್ಕಾರ್ರಿ, ಕಲಬುರಗಿಯಿಂದ ಮಾತಾಡುತ್ತಿದ್ದೇನೆ. ಇಲ್ಲಿ ಕೂತು ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ನೋಡುವವರ ಕಷ್ಟ ನಿಮಗೆ ಗೊತ್ತೇ ಇದೆ. ಫಿಲಡೆಲ್ಫಿಯಾದಲ್ಲಿ ಸಂಜೆ ಏಳಕ್ಕೆ ಮ್ಯಾಚ್ ಅಂದರೆ ಚಳಿಗಾಲದಲ್ಲಿ ನಮಗೆ ಬೆಳಗಿನ ಐದೂವರೆ. ಅಲಾರಾಂ ಇಟ್ಟು ಎದ್ದರೆ ಅಲ್ಲಿನ ಟೀಮಿನ ಸ್ಟಾರ್ ಜೋಯೆಲ್ ಎಂಬೀಡ್ ಆಟದ ಬಟ್ಟೆಯನ್ನೇ ಹಾಕಿರುವುದಿಲ್ಲ. ಸುಮ್ನೆ ಮಲಗಬಹುದಿತ್ತು ಅಲ್ವಾ?

2024-25ರಲ್ಲಿ ಫಿಲಡೆಲ್ಫಿಯಾದ ಟೀಮ್ ಸೆವೆಂಟಿ ಸಿಕ್ಸರ್ಸ್ 24 ಗೆದ್ದು 58 ಸೋತರು. ಎಂಬೀಡ್ ಆಡಿದ್ದು ಬರೀ 19 ಮ್ಯಾಚ್. ಇನ್ನೊಬ್ಬ ಸ್ಟಾರ್ ಪಾಲ್ ಜಾರ್ಜ್ 41. ಇಬ್ಬರ ಆ ವರ್ಷದ ಸಂಬಳ ಸೇರಿಸಿದರೆ ಸುಮಾರು 10 ಕೋಟಿ ಡಾಲರ್. ಇಡೀ ಟೀಮಿನ ಸಂಬಳಕ್ಕೆ ಲೀಗ್ ಇಟ್ಟ ಮಿತಿ, ಅಂದರೆ ಸ್ಯಾಲರಿ ಕ್ಯಾಪ್, 14 ಕೋಟಿ ಚಿಲ್ಲರೆ. ಕ್ಯಾಪ್ ದಾಟಬಹುದು, ಆದರೆ ದಾಟಿದಷ್ಟೂ ಹೊಸ ಆಟಗಾರರನ್ನು ತರುವುದು ಕಷ್ಟ.

ಗಾಯದಿಂದ ಹೊರಗೇ ಕೂರುವ ಇಂಥವರನ್ನೇ ನಡುವೆ ಇಟ್ಟು ಟೀಮನ್ನು ಮತ್ತೆ ಕಟ್ಟಬೇಕಾ? ಬೇಡ ಅನ್ನುತ್ತೇನೆ. ಸೋಲು ನನಗೆ ಅಷ್ಟು ದೊಡ್ಡದಲ್ಲ. ಉಳಿದವರ ಆಟ ಹಾಳಾಗುತ್ತದೆ ನೋಡಿ, ಅದು ದೊಡ್ಡದು.

ಎಂಬೀಡ್ ಇದ್ದ ದಿನ ಗಮನಿಸಿ. ಫ್ರೀ ಥ್ರೋ ಗೆರೆ ಹತ್ತಿರ ಬಾಲ್ ಹಿಡಿದು ನಿಲ್ಲುತ್ತಾನೆ. ಒಂದು ಹೆಜ್ಜೆ ಮುಂದಿಟ್ಟಂತೆ ಮಾಡಿ ವಾಪಸ್ ಎಳೆಯುತ್ತಾನೆ. ಎದುರಿನವರು ಇಬ್ಬರು ಮುಗಿಬೀಳುತ್ತಾರೆ. ಟೀಮಿನ ಉಳಿದ ನಾಲ್ವರು ಮೂಲೆ ಹಿಡಿದು ಪಾಸಿಗೆ ಕಾಯುತ್ತಾರೆ. ಅವನಿಲ್ಲದ ದಿನ ಟೈರೀಸ್ ಮ್ಯಾಕ್ಸಿ ಬಾಲ್ ತಗೊಂಡು ಓಡುತ್ತಾನೆ, ಎಲ್ಲರೂ ಹಿಂದೆ ಓಡಬೇಕು. ಇವೆರಡೂ ಬೇರೆ ಬೇರೆ ಆಟ. ಇವತ್ತು ಯಾವುದು ಅಂತ ಇಂಜುರಿ ರಿಪೋರ್ಟ್ ಬಂದಮೇಲೆ ಗೊತ್ತಾದರೆ ಹುಡುಗರು ಕಲಿಯುವುದು ಯಾವಾಗ? ಎಂಬೀಡ್, ಜಾರ್ಜ್, ಮ್ಯಾಕ್ಸಿ ಮೂವರೂ ಒಟ್ಟಿಗೆ ಇಳಿದದ್ದು ಆ ಇಡೀ ಸೀಸನ್‌ನಲ್ಲಿ 15 ಮ್ಯಾಚ್!

ಗಾಯಾಳುವನ್ನು ನಂಬಿ ಗೆದ್ದವರೂ ಇದ್ದಾರಲ್ಲ ಅಂತ ಗೋಲ್ಡನ್ ಸ್ಟೇಟ್ ವಾರಿಯರ್ಸ್‌ನ ಸ್ಟೆಫ್ ಕರಿ ಹೆಸರು ಹೇಳುತ್ತೀರಿ, ಗೊತ್ತು. 2011-12ರಲ್ಲಿ ಪಾದದ ಕೀಲಿನ ನೋವಿಂದ ಅವನು 26 ಮ್ಯಾಚ್ ಮಾತ್ರ ಆಡಿದ್ದ. ಆದರೂ ವಾರಿಯರ್ಸ್ ಬಿಡಲಿಲ್ಲ, 2015ರಲ್ಲಿ ಕಪ್ ಗೆದ್ದರು. ಸರಿ. ಆದರೆ ಅವನಿಗೆ ಆಗ 24 ವರ್ಷ, ಒಪ್ಪಂದ ನಾಲ್ಕು ವರ್ಷಕ್ಕೆ 4.4 ಕೋಟಿ ಡಾಲರ್. ಕಾಲು ಕೈಕೊಟ್ಟಿದ್ದರೂ ಟೀಮ್ ಮುಳುಗುತ್ತಿರಲಿಲ್ಲ.

ಎಂಬೀಡ್ ಕಥೆ ನೋಡಿ. ಏಳಡಿ ಎತ್ತರದ ಭಾರಿ ದೇಹ. 2024ರ ಫೆಬ್ರವರಿಯಲ್ಲಿ ಎಡ ಮಂಡಿಗೆ ಆಪರೇಷನ್. ಅದೇ ಸೆಪ್ಟೆಂಬರಿನಲ್ಲಿ ಇನ್ನೂ ಮೂರು ವರ್ಷಕ್ಕೆ 19.3 ಕೋಟಿ ಡಾಲರಿನ ಸಹಿ. 2025ರ ಏಪ್ರಿಲ್‌ನಲ್ಲಿ ಅದೇ ಮಂಡಿಗೆ ಮತ್ತೆ ಆಪರೇಷನ್. ತೊಗರಿಗೆ ನೆಟೆ ಹತ್ತಿದ ಹೊಲದಲ್ಲಿ ಮರುವರ್ಷವೂ ಅದೇ ತಳಿ ಬಿತ್ತಿ, ಈ ಸಲ ಬಂದೇ ಬರುತ್ತದೆ ಅನ್ನುವವರಿಗೆ ನಮ್ಮೂರಲ್ಲಿ ಏನು ಹೇಳುತ್ತಾರೆ, ನಿಮಗೇ ಗೊತ್ತು.

ಅವನ ಆಟಕ್ಕೆ ನಾನು ಕೈಮುಗಿಯುತ್ತೇನೆ. 2023ರ ಎಂವಿಪಿ, ಅಂದರೆ ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿ, ಸುಮ್ನೆ ಬಂದದ್ದಲ್ಲ.

ಆ ಸೋಲಿನಿಂದ ಒಂದು ಲಾಭವೂ ಆಯಿತು. ಹೊಸ ಹುಡುಗರನ್ನು ಸರದಿಯಲ್ಲಿ ಆರಿಸುವ ಡ್ರಾಫ್ಟ್‌ನಲ್ಲಿ ಹೆಚ್ಚು ಸೋತವರಿಗೆ ಮೊದಲ ಸರದಿ ಸಿಗುವ ಸಾಧ್ಯತೆ ಹೆಚ್ಚು. ಮೊದಲ ಆರರೊಳಗೆ ಬಾರದಿದ್ದರೆ, ಹಳೇ ವ್ಯವಹಾರದ ಪ್ರಕಾರ, ಆ ಅವಕಾಶ ಒಕ್ಲಹೋಮಾ ಸಿಟಿ ಟೀಮಿನ ಪಾಲಾಗುತ್ತಿತ್ತು. ಮೂರನೇ ನಂಬರ್ ಬಂತು, ವಿಜೆ ಎಡ್ಜ್‌ಕೂಂಬ್ ಸಿಕ್ಕ. ಆಟ ಅವನಿಗೂ ಮ್ಯಾಕ್ಸಿಗೂ ಹೊಂದುವಂತೆ ಇರಲಿ. ಎಂಬೀಡ್ ಬಂದ ದಿನ ಅವರ ಓಟಕ್ಕೆ ಸೇರಿಕೊಳ್ಳಲಿ, ನಿಮಿಷ ಕಡಿಮೆ ಆದರೂ ಪರವಾಗಿಲ್ಲ. ಜಾರ್ಜ್ ಒಪ್ಪಂದವನ್ನು ಯಾರಾದರೂ ತಗೊಂಡರೆ ಕೊಟ್ಟುಬಿಡಲಿ. ಯಾರು ತಗೊಳ್ಳುತ್ತಾರೆ ಅಂತ ಕೇಳಬೇಡಿ, ಅದಕ್ಕೆ ಇನ್ನೊಂದು ಎಪಿಸೋಡ್ ಬೇಕು.