ಆರು ತೋಳಿನ ಪುಟ್ಟ ನಕ್ಷತ್ರ: ಗುರುತು ಹಿಡಿಯುವ ಬಗೆ

ಕೇಳುಗರಿಗೆ ನಮಸ್ಕಾರ.

ಮೈಸೂರು, ಮಂಡ್ಯದ ಕಾಲೇಜುಗಳ ಪ್ರಾಣಿಶಾಸ್ತ್ರದ ಮಕ್ಕಳು ಅಧ್ಯಯನ ಪ್ರವಾಸಕ್ಕೆಂದು ಸಂಪಾಜೆ ಘಾಟಿ ಇಳಿದು ಕರಾವಳಿಗೆ ಹೋಗಿಬರುತ್ತಾರೆ. ಬರುವಾಗ ಸೀಸೆಗಳಲ್ಲಿ ಏಡಿ, ಚಿಪ್ಪು, ಸ್ಪಂಜಿನ ಚೂರು ಇರುತ್ತವೆ. ಆ ಸ್ಪಂಜನ್ನು ಮೆಲ್ಲಗೆ ಬಿಡಿಸಿ ನೋಡಿದರೆ ಅದರ ತೂತುಗಳಲ್ಲಿ ದಾರದಂಥ ತೋಳುಗಳು ಸಿಕ್ಕಬಹುದು. ಅವು ನಕ್ಷತ್ರಮೀನಿನ ನಂಟಿನ ಬ್ರಿಟಲ್ ಸ್ಟಾರ್ ಎಂಬ ಕಡಲಪ್ರಾಣಿಯ ತೋಳುಗಳು. ಸಾಮಾನ್ಯವಾಗಿ ರಿಜಿಸ್ಟರಿನಲ್ಲಿ 'ಸಣ್ಣ ಬ್ರಿಟಲ್ ಸ್ಟಾರ್' ಎಂದು ಬರೆದು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಅದರ ಪೂರ್ತಿ ಹೆಸರನ್ನು ಹುಡುಕುವುದು ಹೇಗೆಂದು ಇವತ್ತು ನೋಡೋಣ.

ನಾವು ಮುಖ್ಯವಾಗಿ ನೋಡುವ ಪ್ರಾಣಿ ಓಫಿಯಾಕ್ಟಿಸ್ ಸವಿಗ್ನಿಯೈ. 1842ರಲ್ಲಿ ಮ್ಯುಲ್ಲರ್ ಮತ್ತು ಟ್ರೋಷೆಲ್ ಇದನ್ನು ವರ್ಣಿಸಿದರು. ಹೆಸರಿನ ಎರಡನೆಯ ಭಾಗ ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಸವಿನಿಯವರ ಗೌರವಕ್ಕೆ ಇಟ್ಟದ್ದು. ಜಗತ್ತಿನ ಬಿಸಿ ಕಡಲುಗಳಲ್ಲೆಲ್ಲ ಹರಡಿಕೊಂಡಿದೆ. ಸ್ಪಂಜಿನ ತೂತು, ಕಡಲಪಾಚಿಯ ಬುಡ, ಕಲ್ಲಿನ ಸಂದು ಇದರ ಮನೆ.

ಗಾತ್ರ ಕಣ್ಣಿಗೆ ಕಟ್ಟಬೇಕಾದರೆ ಅಡುಗೆಮನೆಯ ಒಗ್ಗರಣೆ ಡಬ್ಬಿ ನೆನೆಸಿಕೊಳ್ಳಿ. ಆರು ತೋಳಿರುವ ಎಳೆಯವುಗಳ ನಡುಬಿಲ್ಲೆ ಒಂದರಿಂದ ಮೂರು ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ಸಾಸಿವೆ ಕಾಳಿನಷ್ಟು. ದೊಡ್ಡವು ಕೊತ್ತಂಬರಿ ಬೀಜವನ್ನೂ ಮೀರುತ್ತವೆ. ತೋಳು ಬಿಲ್ಲೆಯ ಅಗಲದ ನಾಲ್ಕೈದು ಪಟ್ಟು ಉದ್ದ. ಬಣ್ಣ ಹಸಿರು, ತೋಳಿನ ಮೇಲೆ ಗಾಢವಾದ ಅಡ್ಡಪಟ್ಟಿ.

ಈಗ ಒಡಲಿನ ರಚನೆ. ನಕ್ಷತ್ರಮೀನಿನಲ್ಲಿ ತೋಳು ನಡುಭಾಗದಿಂದಲೇ ಅಗಲವಾಗಿ ಹರಿದು ಬಂದಂತಿರುತ್ತದೆ. ಬ್ರಿಟಲ್ ಸ್ಟಾರ್‌ನಲ್ಲಿ ಹಾಗಲ್ಲ. ದುಂಡು ಬಿಲ್ಲೆಗೆ ಬಾಲ ಜೋಡಿಸಿದಂತೆ ಸ್ಪಷ್ಟ ಗಡಿ ಕಾಣುತ್ತದೆ. ತೋಳಿನೊಳಗೆ ಸುಣ್ಣದ ಗಟ್ಟಿ ಮಣಿಗಳು ಒಂದಕ್ಕೊಂದು ಕೀಲುಗೂಡಿ ಸಾಲಾಗಿರುತ್ತವೆ, ಪಠ್ಯದಲ್ಲಿ ಇವನ್ನೂ ಬೆನ್ನೆಲುಬಿನ ಮಣಿಗಳಂತೆ ಕಶೇರು ಎಂದೇ ಕರೆಯುತ್ತಾರೆ. ಪ್ರತಿ ಮಣಿಯ ಸುತ್ತ ನಾಲ್ಕು ಫಲಕ: ಮೇಲೊಂದು, ಕೆಳಗೊಂದು, ಪಕ್ಕಕ್ಕೆ ಎರಡು. ಮುಳ್ಳು ಹುಟ್ಟುವುದು ಪಕ್ಕದ ಫಲಕದ ಮೇಲೆ ಮಾತ್ರ. ಜಠರ ಬಿಲ್ಲೆಯೊಳಗಿನ ಒಂದು ಚೀಲ, ತೋಳಿಗೆ ಇಳಿಯುವುದಿಲ್ಲ. ಗುದದ್ವಾರವೇ ಇಲ್ಲ, ತಿಂದದ್ದರಲ್ಲಿ ಉಳಿದದ್ದು ಬಾಯಿಯಿಂದಲೇ ಹೊರಗೆ. ತೋಳಿನ ಕೆಳಗಿನ ಕೊಳವೆಯಂಥ ಪುಟ್ಟ ಕಾಲುಗಳಿಗೆ, ಅಂದರೆ ಕೊಳವೆ ಪಾದಗಳಿಗೆ, ಹೀರುಬಟ್ಟಲು ಇಲ್ಲದ ಕಾರಣ ಇದು ತೋಳನ್ನೇ ಹುಟ್ಟಿನಂತೆ ಬೀಸಿ ಮುಂದೆ ಸರಿಯುತ್ತದೆ.

ಬೆನ್ನಿನ ಕಡೆ ಇಪ್ಪತ್ತು ಪಟ್ಟು ಹಿಗ್ಗಿಸಿ ನೋಡಿ. ಹೆಂಚು ಹೊದಿಸಿದಂತೆ ಸಣ್ಣ ಚಿಪ್ಪುಗಳು, ಅಂಚಿನ ಕಡೆ ಅಲ್ಲೊಂದು ಇಲ್ಲೊಂದು ಗಿಡ್ಡ ಮುಳ್ಳು. ಒಂದೊಂದು ತೋಳಿನ ಬುಡಕ್ಕೂ ಒಂದು ಜೊತೆ ದೊಡ್ಡ ಫಲಕ, ತೊಗರಿಬೇಳೆಯನ್ನು ಮತ್ತೆ ಅರ್ಧ ಸೀಳಿದಂತೆ. ಇವೇ ರೇಡಿಯಲ್ ಶೀಲ್ಡ್. ಆರು ತೋಳಿದ್ದರೆ ಹನ್ನೆರಡು.

ಬೆನ್ನು ನೋಡಿ ಹೆಸರು ಹೇಳುವ ಆತುರ ಬೇಡ. ತಿರುಗಿಸಿ ಬಾಯಿ ನೋಡಿ. ಈ ಮಾತನ್ನು ಇವತ್ತು ಎರಡು ಮೂರು ಸಲ ಹೇಳಬೇಕೆಂದೇ ಇದ್ದೇನೆ. ಬಣ್ಣ ಮಾದರಿ ಇಡುವ ಸ್ಪಿರಿಟ್‌ನಲ್ಲಿ, ಅಂದರೆ ಎಥನಾಲ್‌ನಲ್ಲಿ, ಕರಗಿಹೋಗುತ್ತದೆ, ತೋಳು ಮುರಿದಿರುತ್ತದೆ, ದವಡೆ ಮಾತ್ರ ಇದ್ದಹಾಗೇ ಇರುತ್ತದೆ.

ತೋಳು ಎಷ್ಟೋ ದವಡೆಯೂ ಅಷ್ಟೇ. ತ್ರಿಕೋನದ ತುಂಡುಗಳು ನಡುವಿನ ತೂತಿನ ಕಡೆಗೆ ಮೊನೆ ಮಾಡಿ ನಿಂತಿರುತ್ತವೆ. ಒಂದೇ ಒಂದು ದವಡೆಯನ್ನು ಆರಿಸಿಕೊಂಡು ನಲವತ್ತು ಪಟ್ಟಿಗೆ ಹೋಗಿ. ಮೊನೆಯಲ್ಲಿ ಅಗಲವಾದ ಒಂಟಿ ಹಲ್ಲು ಕಂಡು, ಪಕ್ಕದ ಅಂಚಿನಲ್ಲಿ ಪ್ಯಾಪಿಲ ಎನ್ನುವ ಎಲೆಯಂಥ ಸಣ್ಣ ಚಾಚು ಒಂದೋ ಎರಡೋ ಕಂಡರೆ ಅದು ಓಫಿಯಾಕ್ಟಿಸ್. ಮೊನೆಯಲ್ಲಿ ಒಂಟಿ ಹಲ್ಲಿನ ಬದಲು ಜೋಡಿ ಪ್ಯಾಪಿಲ ಇದ್ದು, ಅಂಚಿನ ಕಟ್ಟಕಡೆಯ ಪ್ಯಾಪಿಲ ಬಾಯಿಯ ಸೀಳನ್ನು ಕದದಂತೆ ಮುಚ್ಚುವಷ್ಟು ಅಗಲವಾಗಿದ್ದರೆ ಅದು ಆಂಫಿಫೋಲಿಸ್. ಮೊನೆಯಲ್ಲಿ ಸಣ್ಣ ಸಣ್ಣ ಹಲ್ಲಿನ ಗೊಂಚಲು, ಪಕ್ಕ ಪೂರಾ ಬೋಳು ಎಂದಾದರೆ ಅದು ಓಫಿಯೋಥ್ರಿಕ್ಸ್‌ನ ಬಳಗ.

ಈ ಮೂರರಲ್ಲಿ ಹೆಚ್ಚು ಮೋಸ ಮಾಡುವುದು ಆಂಫಿಫೋಲಿಸ್ ಸ್ಕ್ವಾಮೇಟ. ಅದೂ ಪುಟ್ಟದು, ಬಿಲ್ಲೆ ಐದು ಮಿಲಿಮೀಟರ್ ದಾಟುವುದು ಅಪರೂಪ. ಅದರ ರೇಡಿಯಲ್ ಶೀಲ್ಡ್‌ಗಳು ಉದ್ದಕ್ಕೂ ಒಂದಕ್ಕೊಂದು ಅಂಟಿಕೊಂಡಂತಿದ್ದು ತೋಳಿನ ಬುಡದಲ್ಲಿ ಬಿಳಿ ಚುಕ್ಕೆಯಾಗಿ ಕಾಣುತ್ತವೆ. ಬಾಯಿ ನೋಡಿದ ಮೇಲೂ ಅನುಮಾನ ಉಳಿದರೆ ತೋಳಿನ ಕೆಳಮೈ ನೋಡಿ. ಕೊಳವೆ ಪಾದ ಹೊರಬರುವ ರಂಧ್ರದ ಪಕ್ಕದಲ್ಲಿ ಪುಟ್ಟ ಮುಚ್ಚಳ ಇರುತ್ತದೆ, ಅದೇ ಟೆಂಟಕಲ್ ಸ್ಕೇಲ್. ಓಫಿಯಾಕ್ಟಿಸ್‌ಗೆ ದುಂಡನೆಯದು ಒಂದೇ. ಆಂಫಿಫೋಲಿಸ್ ಸ್ಕ್ವಾಮೇಟಕ್ಕೆ ಎರಡು. ತೋಳಿನ ಮುಳ್ಳು ಓಫಿಯಾಕ್ಟಿಸ್‌ನಲ್ಲಿ ಪಕ್ಕಕ್ಕೆ ನಾಲ್ಕರಿಂದ ಆರು, ಮೊಂಡು; ಆಂಫಿಫೋಲಿಸ್ ಸ್ಕ್ವಾಮೇಟದಲ್ಲಿ ಮೂರು, ಬುಡದ ಹತ್ತಿರ ನಾಲ್ಕು. ಇನ್ನೊಂದು ವಿಷಯ: ಆಂಫಿಫೋಲಿಸ್ ಸ್ಕ್ವಾಮೇಟ ಮರಿಗಳನ್ನು ಬಿಲ್ಲೆಯೊಳಗಿನ ಚೀಲಗಳಲ್ಲೇ ಬೆಳೆಸುತ್ತದೆ. ಬಿಲ್ಲೆ ಒಡೆದಾಗ ಒಳಗೆ ಪುಟಾಣಿ ನಕ್ಷತ್ರ ಕಂಡರೆ ಅದನ್ನು ತಿಂದ ಆಹಾರ ಎಂದು ಬರೆಯಬೇಡಿ, ಅದು ಮರಿ.

ಈಗ ತೋಳಿನ ಲೆಕ್ಕ. ಓಫಿಯಾಕ್ಟಿಸ್ ಸವಿಗ್ನಿಯೈನ ಬಿಲ್ಲೆ ತಾನಾಗಿಯೇ ನಡುವೆ ಸೀಳಿ ಎರಡಾಗುತ್ತದೆ. ಒಂದೊಂದು ಹೋಳಿಗೂ ಮೂರು ತೋಳು. ಉಳಿದ ಮೂರು ಆಮೇಲೆ ಚಿಗುರುತ್ತವೆ. ಆದ್ದರಿಂದಲೇ ಮೂರು ಉದ್ದ, ಮೂರು ಮೋಟು ತೋಳಿನ ಮಾದರಿಗಳು ಸಿಗುವುದು. ದೊಡ್ಡದಾದ ಮೇಲೆ ಸೀಳುವುದು ನಿಂತು ಐದು ತೋಳಿನವೂ ಕಾಣಿಸುತ್ತವೆ. ಹಾಗಾಗಿ ಐದು ತೋಳಿದೆಯೆಂದು ತಳ್ಳಿಹಾಕಬೇಡಿ. ಆರಿದೆಯೆಂದು ಒಪ್ಪಿಕೊಳ್ಳಲೂ ಬೇಡಿ. ಕಡಲ ಬೀಸಣಿಗೆ ಹವಳಕ್ಕೆ ಸುತ್ತಿಕೊಂಡಿರುವ ಓಫಿಯೋಥೀಲಕ್ಕೂ ಆರು ತೋಳು, ಆದರೆ ಅದರ ಬಾಯಿ ಓಫಿಯೋಥ್ರಿಕ್ಸ್ ಬಳಗದ್ದು. ಅಳತೆಯಲ್ಲೂ ಎಚ್ಚರ ಬೇಕು: ಈಗಷ್ಟೇ ಸೀಳಿದ ಬಿಲ್ಲೆ ಅರ್ಧಚಂದ್ರದಂತಿರುತ್ತದೆ, ಅಂಥದ್ದರ ಅಗಲವನ್ನು ಸರಾಸರಿಗೆ ಸೇರಿಸಬಾರದು.

ಮಾದರಿ ಕೆಡುವುದು ಹೆಚ್ಚಾಗಿ ಕಡಲ ದಂಡೆಯಲ್ಲೇ. ಜೀವವಿರುವುದನ್ನು ನೇರ ಸ್ಪಿರಿಟ್‌ಗೆ ಹಾಕಿದರೆ ತೋಳು ಸುರುಳಿ ಸುತ್ತಿಕೊಂಡು ತುಂಡುತುಂಡಾಗುತ್ತದೆ. ಕೀಲುಗಳ ನಡುವಿನ ಅಂಗಾಂಶವನ್ನು ಈ ಪ್ರಾಣಿ ಕ್ಷಣದಲ್ಲಿ ಸಡಿಲ ಮಾಡಬಲ್ಲದು, ಅದರಿಂದಲೇ ಹೀಗಾಗುತ್ತದೆ. ಮೊದಲು ಮಂಪರು ಬರಿಸಬೇಕು. ಹರಳು ರೂಪದ ಮೆಗ್ನೀಸಿಯಮ್ ಕ್ಲೋರೈಡ್ 75 ಗ್ರಾಂ ತೂಗಿ ಒಂದು ಲೀಟರ್ ಸಿಹಿನೀರಿನಲ್ಲಿ ಕರಗಿಸಿ. ಅದಕ್ಕೆ ಅಷ್ಟೇ ಸಮುದ್ರದ ನೀರು ಬೆರೆಸಿ, ಸ್ಪಂಜಿನ ಚೂರನ್ನು ಮುಳುಗಿಸಿಡಿ. ಅರ್ಧ ಗಂಟೆಯಿಂದ ಒಂದು ಗಂಟೆ ಬೇಕಾಗುತ್ತದೆ. ಮೆತ್ತನೆಯ ಕುಂಚದಿಂದ ಮುಟ್ಟಿದಾಗ ತೋಳಿನ ತುದಿ ಅಲುಗದಿದ್ದರೆ ಸಾಕು. ಚಿಮುಟದಲ್ಲಿ ತೋಳು ಹಿಡಿದೆಳೆಯಬೇಡಿ, ಬಿಲ್ಲೆಯ ಕೆಳಗೆ ಕುಂಚ ತೂರಿಸಿ ಎತ್ತಿ.

ಆಮೇಲೆ 70 ಶೇಕಡಾ ಎಥನಾಲ್. ಸ್ಪಂಜು ಹೀರಿಕೊಂಡಿದ್ದ ನೀರು ಎಥನಾಲನ್ನು ತೆಳುವಾಗಿಸುವುದರಿಂದ ಮಾರನೆಯ ದಿನ ಹೊಸದು ಹಾಕಲೇಬೇಕು. ಡಿಎನ್‌ಎ ಕೆಲಸ ಇದ್ದರೆ ಒಂದು ತೋಳನ್ನು ಬೇರೆ ಸೀಸೆಯಲ್ಲಿ 95 ಶೇಕಡಾ ಎಥನಾಲ್‌ಗೆ ಹಾಕಿಡಿ. ಫಾರ್ಮಲಿನ್ ಬೇಡ. ಅದು ದಿನ ಕಳೆದಂತೆ ಹುಳಿಯಾಗಿ ಸುಣ್ಣದ ಫಲಕಗಳನ್ನು ತಿನ್ನುತ್ತದೆ, ನಾವು ಗುರುತು ಹಿಡಿಯಬೇಕಾದ್ದೇ ಕರಗಿಹೋಗುತ್ತದೆ.

ಫಲಕದ ಅಂಚು ಸರಿಯಾಗಿ ಕಾಣದಿದ್ದರೆ ಸುಲಭ ಉಪಾಯವಿದೆ. ಮಾದರಿಯನ್ನು ಎಥನಾಲ್‌ನಿಂದ ತೆಗೆದು ಕಪ್ಪು ಕಾಗದದ ಮೇಲಿಟ್ಟು, ದೀಪವನ್ನು ಪಕ್ಕದಿಂದ ಓರೆಯಾಗಿ ಬೀಳಿಸಿ. ಮೇಲ್ಮೈ ಆರುತ್ತ ಬಂದಂತೆ ಒಂದೊಂದೇ ಗೆರೆ ಎದ್ದು ಕಾಣತೊಡಗುತ್ತದೆ. ಎಷ್ಟು ಚೆಂದ ಕಾಣುತ್ತದೆಂದರೆ, ಮೊದಲ ಸಲ ನೋಡಿದವರು ಕಣ್ಣು ತೆಗೆಯುವುದಿಲ್ಲ. ನೋಡಿ ಮುಗಿದ ಕೂಡಲೇ ವಾಪಸು ಎಥನಾಲ್‌ಗೆ. ಕಳಚಿಬಿದ್ದ ತೋಳು ಇದ್ದರೆ ತೆಳು ಬ್ಲೀಚ್‌ನ ಒಂದೆರಡು ಹನಿಯಲ್ಲಿ ಇಡಿ, ಮಾಂಸ ಕರಗಿ ಮಣಿಗಳು ಬಿಡಿಬಿಡಿಯಾಗುತ್ತವೆ. ಮಣಿಗಳು ಬಿಡಿಯಾದ ತಕ್ಷಣ ಶುದ್ಧ ನೀರಿನಲ್ಲಿ ತೊಳೆಯಿರಿ, ತಡವಾದರೆ ಅವೂ ಹಾಳು.

ಚೀಟಿಯನ್ನು ಸೀಸೆಯ ಒಳಗೇ ಹಾಕಿ, ಪೆನ್ಸಿಲ್‌ನಲ್ಲಿ ಬರೆಯಿರಿ. ಬಾಲ್‌ಪೆನ್ನಿನ ಶಾಯಿ ಎಥನಾಲ್‌ನಲ್ಲಿ ಕರಗುತ್ತದೆ. ಸ್ಥಳ, ದಿನಾಂಕ, ಯಾವ ಸ್ಪಂಜು ಅಥವಾ ಯಾವ ಪಾಚಿ, ಜೀವಂತ ಇದ್ದಾಗಿನ ಬಣ್ಣ, ತೋಳಿನ ಸಂಖ್ಯೆ, ಅವುಗಳಲ್ಲಿ ಮೋಟು ಎಷ್ಟು, ಇಷ್ಟೂ ಇರಲಿ. ಬಾಯಿ ನೋಡಿದ ಮೇಲೂ ಪ್ರಭೇದ ಖಚಿತವಾಗದಿದ್ದರೆ 'ಓಫಿಯಾಕ್ಟಿಸ್' ಎಂದಷ್ಟೇ ಬರೆದು ಪಕ್ಕದಲ್ಲಿ ದವಡೆಯ ಚಿತ್ರ ಬಿಡಿಸಿಡಿ. ಮುಂದೆ ಆ ಸೀಸೆ ತೆರೆಯುವವರು ಅಲ್ಲಿಂದ ಮುಂದುವರಿಸುತ್ತಾರೆ.

ನಮಸ್ಕಾರ.