ಆಗದೇ ಹೋದ ಟ್ರೇಡು, ಮುಗಿಯದ ಜಗಳ

ಎಲ್ರಿಗೂ ನಮಸ್ಕಾರ. ಕಮಿಟಿಯವರು ಫೋನ್ ಮಾಡಿ ಬೇಸ್‌ಬಾಲ್ ಬಗ್ಗೆ ಒಂದರ್ಧ ಗಂಟೆ ಮಾತಾಡಿ ಸರ್ ಅಂದಾಗ ನಾನು ಕೇಳಿದ್ದು ಒಂದೇ, ರೂಲ್ಸ್ ಹೇಳ್ಬೇಕಾ ಇಲ್ಲಾ ಜಗಳ ಹೇಳ್ಬೇಕಾ ಅಂತ. ಜಗಳನೇ ಹೇಳಿ ಅಂದ್ರು. ಹಾಗಾಗಿ ಇವತ್ತಿನ ವಿಷಯ 2003ರ ಚಳಿಗಾಲದಲ್ಲಿ ಇದೇ ಬಾಸ್ಟನ್ ಊರನ್ನ ಎರಡು ಪಂಗಡ ಮಾಡಿಟ್ಟ ಒಂದು ಸುದ್ದಿ. ಅಲೆಕ್ಸ್ ರಾಡ್ರಿಗೇಜ್, ಏ-ರಾಡ್ ಅಂತಾರಲ್ಲ ಅವನೇ, ಟೆಕ್ಸಸ್ ಬಿಟ್ಟು ನಮ್ಮೂರ ಟೀಮು ರೆಡ್ ಸಾಕ್ಸ್‌ಗೆ ಬರ್ತಾನಂತೆ, ಅವನ ಬದಲಿಗೆ ನಮ್ಮ ಮ್ಯಾನಿ ರಮಿರೆಜ್ ಹೋಗ್ತಾನಂತೆ, ಅದಾದ ಮೇಲೆ ನೋಮಾರ್ ಗಾರ್ಸಿಯಾಪಾರಾನೂ ಷಿಕಾಗೋ ವೈಟ್ ಸಾಕ್ಸ್‌ಗೆ ಹೋಗ್ತಾನಂತೆ. ಬರೀ ಅಂತೆ ಅಂತೆ. ಆದ್ರೆ ಆ ಅಂತೆ ಮೇಲೆ ಎರಡು ತಿಂಗಳು ಊರಿಗೂರೇ ಕಿತ್ತಾಡ್ತು.

ಇಲ್ಲಿ ಕೂತಿರೋರಲ್ಲಿ ಅರ್ಧ ಜನಕ್ಕೆ ಕ್ರಿಕೆಟ್ ಬಿಟ್ರೆ ಬೇರೆ ಗೊತ್ತಿಲ್ಲ ಅಂತ ನಂಗೊತ್ತು, ಅದಕ್ಕೆ ಟ್ರೇಡ್ ಅಂದ್ರೇನು ಅಂತ ಬೇಗ ಹೇಳಿಬಿಡ್ತೀನಿ. 2023ರಲ್ಲಿ ಕ್ಯಾಮೆರಾನ್ ಗ್ರೀನ್‌ನ ಮುಂಬೈಯಿಂದ ಆರ್‌ಸಿಬಿಯವರು 17.5 ಕೋಟಿ ಕೊಟ್ಟು ತಗೊಂಡ್ರಲ್ಲ, ಅದೂ ಟ್ರೇಡೇ, ಆದ್ರೆ ಐಪಿಎಲ್‌ನಲ್ಲಿ ಆಟಗಾರ ಒಪ್ಪಬೇಕು. ಇಲ್ಲಿ ಹಾಗಲ್ಲ. ಕ್ಲಬ್ಬಿನವರು ಮನಸ್ಸು ಮಾಡಿದ್ರೆ ಬೆಳಿಗ್ಗೆ ಬಾಸ್ಟನ್‌ನಲ್ಲಿದ್ದವನು ಸಂಜೆಗೆ ಷಿಕಾಗೋದಲ್ಲಿ. ಬೇಡ ಅನ್ನೋ ಹಕ್ಕು ಇರೋದು ಎರಡು ಥರದವರಿಗೆ ಮಾತ್ರ, ಕಾಂಟ್ರಾಕ್ಟಲ್ಲೇ ಹಾಗೆ ಬರೆಸ್ಕೊಂಡಿರೋರಿಗೆ, ಇಲ್ಲಾ ಲೀಗಲ್ಲಿ ಹತ್ತು ವರ್ಷ ಆಡಿ ಅದರಲ್ಲಿ ಕೊನೇ ಐದು ಒಂದೇ ಟೀಮಲ್ಲಿ ಕಳೆದಿರೋರಿಗೆ. ಈ ಹತ್ತು-ಐದರ ರೂಲ್ ಕೂಡ ಸುಮ್ನೆ ಬಂದಿದ್ದಲ್ಲ. 1969ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನವರು ಕರ್ಟ್ ಫ್ಲಡ್‌ನ ಫಿಲಡೆಲ್ಫಿಯಾಗೆ ಟ್ರೇಡ್ ಮಾಡಿದ್ರು, ಹನ್ನೆರಡು ಸೀಸನ್ ಒಂದೇ ಟೀಮಿಗೆ ಆಡಿದ್ದ ಮನುಷ್ಯ, ನಾನೇನು ಕೊಂಡು ಮಾರೋ ಆಸ್ತಿನಾ ಅಂತ ಕಮಿಷನರ್‌ಗೆ ಪತ್ರ ಬರೆದು ಕೋರ್ಟಿಗೆ ಹೋದ. 1972ರಲ್ಲಿ ಸುಪ್ರೀಂ ಕೋರ್ಟಲ್ಲಿ 5-3ರಲ್ಲಿ ಸೋತ, ಅವನ ಕೆರಿಯರ್ರೂ ಮುಗಿದು ಹೋಯ್ತು, ಮರುವರ್ಷವೇ ಯೂನಿಯನ್‌ನವರು ಈ ರೂಲ್ ತಂದ್ರು. ಯೂನಿಯನ್ ಅನ್ನೋದನ್ನ ಸ್ವಲ್ಪ ನೆನಪಿಟ್ಕೊಳ್ಳಿ, ಆಮೇಲೆ ಬರುತ್ತೆ.

ಇನ್ನೊಂದು, ಆಟಗಾರನ ಜೊತೆ ಅವನ ಕಾಂಟ್ರಾಕ್ಟೂ ಬರುತ್ತೆ. ಹಳೇ ಟೀಮು ಎಷ್ಟು ಕೊಡ್ತೀನಿ ಅಂತ ಒಪ್ಕೊಂಡಿತ್ತೋ ಅಷ್ಟನ್ನೂ ಹೊಸ ಟೀಮು ಹೊರಬೇಕು. ಏ-ರಾಡ್ ಕಾಂಟ್ರಾಕ್ಟು ಹತ್ತು ವರ್ಷಕ್ಕೆ 252 ಮಿಲಿಯನ್ ಡಾಲರ್, 2000ದ ಡಿಸೆಂಬರಲ್ಲಿ ಟೆಕ್ಸಸ್ ರೇಂಜರ್ಸ್ ಕೊಟ್ಟಿದ್ದು. ಅದರಲ್ಲಿ ಇನ್ನೂ ಏಳು ವರ್ಷ, 179 ಮಿಲಿಯನ್ ಬಾಕಿ ಇತ್ತು.

ಸರಿ, 2003ರ ಅಕ್ಟೋಬರ್ 16. ಅಮೆರಿಕನ್ ಲೀಗ್ ಫೈನಲ್, ನ್ಯೂಯಾರ್ಕ್ ಯಾಂಕೀಸ್ ಮೇಲೆ ಏಳನೇ ಮ್ಯಾಚು. ಗೆಲ್ತಾ ಇದ್ದ ಮ್ಯಾಚದು. ನಮ್ಮ ಪಿಚರ್, ಅಂದ್ರೆ ಬಾಲ್ ಎಸೆಯೋನು, ಪೆಡ್ರೊ ಮಾರ್ಟಿನೆಜ್ ಸುಸ್ತಾಗಿದಾನೆ ಅಂತ ಟಿವಿ ಮುಂದೆ ಕೂತಿರೋ ಅಜ್ಜಿಗೂ ಕಾಣ್ತಿತ್ತು, ಮ್ಯಾನೇಜರ್ ಗ್ರೇಡಿ ಲಿಟಲ್‌ಗೆ ಕಾಣ್ಲಿಲ್ಲ. ಎಂಟನೇ ಇನ್ನಿಂಗ್ಸಲ್ಲಿ ಸ್ಕೋರ್ ಸಮ ಆಯ್ತು, ಹನ್ನೊಂದನೇ ಇನ್ನಿಂಗ್ಸಲ್ಲಿ ಯಾಂಕೀಸ್‌ನ ಆರನ್ ಬೂನ್ ಒಂದು ಹೋಮ್ ರನ್, ನಮ್ಮ ಸಿಕ್ಸರ್ ಥರ, ಹೊಡೆದ, ಮುಗೀತು. 1918ರಿಂದ ವರ್ಲ್ಡ್ ಸೀರೀಸ್, ಅಂದ್ರೆ ಬೇಸ್‌ಬಾಲಿನ ಕಪ್ಪು, ಗೆದ್ದಿರದ ಊರು ಇದು. ಬೇಬ್ ರೂತ್‌ನ ಯಾಂಕೀಸ್‌ಗೆ ಮಾರಿದ ಶಾಪ ಅಂತ ತಲೆಮಾರುಗಳಿಂದ ಹೇಳ್ಕೊಂಡು ಬಂದವರು. ಇಂಥಾ ಜನರ ಕಿವಿಗೆ, ಜಗತ್ತಿನ ನಂಬರ್ ಒನ್ ಆಟಗಾರ ನಮ್ಮಲ್ಲಿಗೆ ಬರ್ತಾನಂತೆ ಅನ್ನೋ ಮಾತು ಬಿದ್ರೆ ಏನಾಗ್ಬೇಡ ಹೇಳಿ.

ಬೇಕು ಅನ್ನೋರ ವಾದ ಜೋರಾಗೇ ಇತ್ತು. ಅವನಿಗೆ ಆಗ ವಯಸ್ಸು 28. 2001ರಲ್ಲಿ 52 ಹೋಮ್ ರನ್, ಮುಂದಿನ ವರ್ಷ 57, ಅದರ ಮುಂದಿನ ವರ್ಷ 47, ಆ ವರ್ಷ ಲೀಗಿನ ಎಂವಿಪಿ, ಅಂದ್ರೆ ಅತ್ಯುತ್ತಮ ಆಟಗಾರ. ಇಷ್ಟೆಲ್ಲಾ ಆಡೋದು ಷಾರ್ಟ್‌ಸ್ಟಾಪ್ ಜಾಗದಲ್ಲಿ, ಎರಡನೇ ಬೇಸ್ ಮೂರನೇ ಬೇಸ್ ನಡುವೆ ನಿಲ್ಲೋನು, ಫೀಲ್ಡಿಂಗ್ ತುಂಬಾ ಕಷ್ಟದ ಜಾಗ, ಅಲ್ಲಿ ನಿಲ್ಲೋರು ಬ್ಯಾಟಿಂಗಲ್ಲಿ ಅಷ್ಟಕ್ಕಷ್ಟೇ ಇದ್ರೂ ಟೀಮಿನವರು ಸಹಿಸ್ಕೊಳ್ತಾರೆ. ಮ್ಯಾನಿ ವಿಷಯಕ್ಕೆ ಬಂದ್ರೆ, ಬ್ಯಾಟ್ ಹಿಡಿದ್ರೆ ದೇವರು, ಉಳಿದ ಟೈಮಲ್ಲಿ ತಲೆನೋವು. ಅದೇ ವರ್ಷ ಆಗಸ್ಟಲ್ಲಿ ಗಂಟಲು ನೋವು ಅಂತ ಯಾಂಕೀಸ್ ಸೀರೀಸಿಗೆ ಕೈಕೊಟ್ಟವನು ಯಾಂಕೀಸ್ ಆಟಗಾರನ ಜೊತೆಗೇ ಹೋಟೆಲ್ ಬಾರಲ್ಲಿ ಕಾಣಿಸ್ಕೊಂಡಿದ್ದ. ಸೀಸನ್ ಮುಗಿದ ಮೇಲೆ ಕ್ಲಬ್ಬಿನವರು ಅವನನ್ನ ವೇವರ್ಸ್‌ಗೆ ಹಾಕಿದ್ರು, ಅಂದ್ರೆ ಯಾರು ಬೇಕಾದ್ರೂ ಪುಕ್ಕಟೆ ತಗೊಂಡು ಹೋಗಿ, ಸಂಬಳ ಮಾತ್ರ ನೀವು ಕೊಡಿ ಅಂತ. ಒಬ್ಬರೂ ಮುಟ್ಲಿಲ್ಲ. ಐದು ವರ್ಷ ಬಾಕಿ, ಹತ್ತಿರ ಹತ್ತಿರ 100 ಮಿಲಿಯನ್. ಪುಕ್ಕಟೆ ಕೊಟ್ರೂ ಯಾರಿಗೂ ಬೇಡವಾದವನನ್ನ ಕೊಟ್ಟು ಎಂವಿಪಿನ ತರೋದಕ್ಕೆ ಯೋಚನೆ ಬೇರೆ ಮಾಡ್ಬೇಕಾ ಅಂತ ಇವರ ವಾದ.

ಬೇಡ ಅನ್ನೋರ ವಾದ ಅರ್ಧ ಲೆಕ್ಕ, ಅರ್ಧ ಕರುಳು. ಲೆಕ್ಕ ಏನಂದ್ರೆ, ಬೇಸ್‌ಬಾಲಲ್ಲಿ ಒಬ್ಬ ಬ್ಯಾಟ್ಸ್‌ಮನ್‌ಗೆ ಒಂದು ಮ್ಯಾಚಲ್ಲಿ ಸಿಗೋದು ನಾಲ್ಕೋ ಐದೋ ಚಾನ್ಸು, ಕೊಹ್ಲಿ ಥರ ನಿಂತು ಮ್ಯಾಚ್ ಪೂರ್ತಿ ತಾನೇ ಆಡೋಕಾಗಲ್ಲ. ಏ-ರಾಡ್ ಇದ್ದ ಮೂರೂ ವರ್ಷ ಟೆಕ್ಸಸ್ ತನ್ನ ಡಿವಿಷನ್ನಲ್ಲಿ ಕಟ್ಟಕಡೇ ಸ್ಥಾನ. ಪಿಚರ್‌ಗಳು ಇಲ್ಲದಿದ್ರೆ ಎಂವಿಪಿನ ಇಟ್ಕೊಂಡು ಏನ್ ಮಾಡ್ತೀರಿ? ಅದರ ಮೇಲೆ ಲಕ್ಷುರಿ ಟ್ಯಾಕ್ಸು, ಟೀಮಿನ ಒಟ್ಟು ಸಂಬಳ ಒಂದು ಗೆರೆ ದಾಟಿದ್ರೆ ಕಟ್ಟೋ ದಂಡ. 2004ಕ್ಕೆ ಗೆರೆ ಎಳೆದಿದ್ದು 120.5 ಮಿಲಿಯನ್‌ಗೆ, ಇವನೊಬ್ಬನದೇ ವರ್ಷಕ್ಕೆ 25.2, ಐದನೇ ಒಂದು ಭಾಗಕ್ಕಿಂತ ಜಾಸ್ತಿ ಒಬ್ಬನಿಗೇ.

ಕರುಳಿನ ಭಾಗ ನೋಮಾರ್. ಇಲ್ಲಿನವರ ಬಾಯಲ್ಲಿ ನೋಮಾ, ಆ ಕೊನೇ ರ್ ಇವರಿಗೆ ಬರಲ್ಲ. ಬ್ಯಾಟಿಂಗ್ ಆವರೇಜ್ 1999ರಲ್ಲಿ .357, 2000ದಲ್ಲಿ .372, ಎರಡು ವರ್ಷ ಸಾಲಾಗಿ ಬ್ಯಾಟಿಂಗ್ ಚಾಂಪಿಯನ್. ಅವನು ಬ್ಯಾಟ್ ಮಾಡೋಕೆ ಬಂದ್ರೆ ನೋಡಬೇಕಿತ್ತು, ಎಡಗೈ ಗ್ಲವ್ಸ್ ಎಳೆಯೋದು, ಬಲಗೈ ಗ್ಲವ್ಸ್ ಎಳೆಯೋದು, ಮತ್ತೆ ಎಡ, ಮತ್ತೆ ಬಲ, ಆಮೇಲೆ ಶೂ ತುದಿನ ಒಂದಾದ ಮೇಲೊಂದು ನೆಲಕ್ಕೆ ಟಕಟಕ ಕುಟ್ಟೋದು, ಪ್ರತಿ ಬಾಲಿಗೂ ಇದೇ ಶಾಸ್ತ್ರ. ಈ ಕಡೆ ಮೈದಾನಗಳಲ್ಲಿ ಚಿಕ್ಕ ಮಕ್ಕಳೆಲ್ಲಾ ಹಂಗೇ ಮಾಡ್ತಿದ್ವು, ಅವರ ಕೋಚ್‌ಗಳು ಬೈಯೋರು. ಆ ನವೆಂಬರಲ್ಲಿ ಫುಟ್ಬಾಲ್ ತಾರೆ ಮಿಯಾ ಹ್ಯಾಮ್ ಜೊತೆ ಮದುವೆಯಾಗಿ ಹನಿಮೂನಿಗೆ ಹೋಗಿದ್ದವನು, ಈ ಸುದ್ದಿ ಕೇಳಿ ಅಲ್ಲಿಂದಲೇ ಬಾಸ್ಟನ್ನಿನ ಸ್ಪೋರ್ಟ್ಸ್ ರೇಡಿಯೋಗೆ ಫೋನ್ ಮಾಡಿ, ನನಗೆ ಇಲ್ಲೇ ಇರೋ ಆಸೆ ಅಂದ. ಪಾಪ.

ಆಗ ನಮ್ಮ ಆಫೀಸಲ್ಲಿ ಊಟದ ಟೇಬಲ್ ಅಂದ್ರೆ ಅಸೆಂಬ್ಲಿನೇ. ಐದನೇ ನಂಬರಿನ ನೋಮಾರ್ ಜರ್ಸಿ ಹಾಕ್ಕೊಂಡು ಬರೋ ಒಬ್ಬರು, ಎದುರಿಗೆ ಸ್ಪ್ರೆಡ್‌ಶೀಟ್ ಪ್ರಿಂಟ್ ಹಿಡ್ಕೊಂಡು ಬರೋ ಇನ್ನೊಬ್ಬರು. ಪ್ರಿಂಟ್‌ನವರು, ನೋಮಾರ್ ಕಾಂಟ್ರಾಕ್ಟು ಇನ್ನೊಂದೇ ವರ್ಷ, ಹೇಗಿದ್ರೂ ಹೋಗ್ತಾನೆ, ಈಗ್ಲೇ ಕೊಟ್ರೆ ಷಿಕಾಗೋದಿಂದ ಮ್ಯಾಗ್ಲಿಯೋ ಓರ್ಡೋನೆಜ್ ಆದ್ರೂ ಸಿಗ್ತಾನೆ ಅನ್ನೋರು. ಜರ್ಸಿಯವರ ಉತ್ತರ ಯಾವಾಗ್ಲೂ ಒಂದೇ, ನೀನು ಮೊದ್ಲು ಎಲ್ಲಿಂದ ಬಂದೋನು ಅಂತ. ಪ್ರಿಂಟ್‌ನವರು ಕನೆಕ್ಟಿಕಟ್‌ನವರು, ಆ ರಾಜ್ಯದಲ್ಲಿ ಅರ್ಧ ಜನ ಯಾಂಕೀಸ್ ಕಡೆ, ಅಲ್ಲಿಗೆ ಅವರ ಬಾಯಿ ಬಂದ್.

ನನ್ನ ಅಭಿಪ್ರಾಯ ಕೇಳಿದ್ರೆ ಪ್ರಿಂಟ್‌ನವರೇ ಸರಿ ಇದ್ರು. ಇವತ್ತಿಗೂ ಹಾಗೇ ಹೇಳ್ತೀನಿ, ಕೆಲವರಿಗೆ ಸಿಟ್ಟು ಬರಬಹುದು ಬರಲಿ. ಆದ್ರೆ ಮಜಾ ಏನಂದ್ರೆ ಇಬ್ಬರೂ ಯಾವುದರ ಬಗ್ಗೆ ಕಿತ್ತಾಡ್ತಿದ್ರೋ ಅದರಿಂದ ಟ್ರೇಡ್ ನಿಲ್ಲಲಿಲ್ಲ. ಹೋಮ್ ರನ್ನೂ ಅಲ್ಲ, ಅಭಿಮಾನವೂ ಅಲ್ಲ.

ಏನಾಯ್ತು ಅಂದ್ರೆ, ರೆಡ್ ಸಾಕ್ಸ್‌ನವರಿಗೆ ಏ-ರಾಡ್ ಬೇಕು, ಆ ಸಂಬಳ ಬೇಡ. ಏ-ರಾಡ್‌ಗೆ ಟೆಕ್ಸಸ್ ಸಾಕಾಗಿತ್ತು, ಗೆಲ್ಲೋ ಟೀಮಿಗೆ ಹೋಗ್ಬೇಕು, ದುಡ್ಡು ಕಮ್ಮಿ ಆದ್ರೂ ಪರವಾಗಿಲ್ಲ ಅಂದುಬಿಟ್ಟ. ಆಗ ಪೇಪರಲ್ಲಿ ಬಂದ ಲೆಕ್ಕದಲ್ಲಿ ಸುಮಾರು 28 ಮಿಲಿಯನ್ ಬಿಟ್ಕೊಡೋಕೆ ರೆಡಿ ಇದ್ದ. ಹುಡುಗ ಒಪ್ಪಿದ, ಎರಡೂ ಕ್ಲಬ್ಬು ಒಪ್ಪಿದ್ವು, ಇನ್ನೇನು ತಾಂಬೂಲ ಬದಲಾಯಿಸೋದೊಂದೇ ಬಾಕಿ ಅನ್ನೋವಾಗ ಆಟಗಾರರ ಯೂನಿಯನ್ ಬಂದು ಕೈ ಅಡ್ಡ ಹಿಡೀತು. ಯೂನಿಯನ್‌ಗೂ ಕ್ಲಬ್ಬುಗಳಿಗೂ ಇರೋ ಒಪ್ಪಂದದಲ್ಲಿ ಒಂದು ಷರತ್ತಿದೆ, ಕಾಂಟ್ರಾಕ್ಟ್ ಬದಲಾಯಿಸೋದಾದ್ರೆ ಅದರಿಂದ ಆಟಗಾರನಿಗೆ ಲಾಭ ಆಗ್ಬೇಕು, ಬರೀ ಕಡಿತ ನಡೆಯಲ್ಲ ಅಂತ. ಸ್ವಲ್ಪ ಕಡಿಮೆ ಮಾಡ್ಕೊಳ್ಳಿ, ಅದಕ್ಕೆ ಬದಲಾಗಿ ಬೇರೆ ಅನುಕೂಲ ಕೊಡಿ, ಆದ್ರೆ ಇಷ್ಟೊಂದು ಕತ್ತರಿಸೋ ಹಾಗಿಲ್ಲ ಅಂತ ಯೂನಿಯನ್‌ನ ಜೀನ್ ಓರ್ಝಾ ಕಡ್ಡಿ ಮುರಿದ ಹಾಗೆ ಹೇಳಿದ್ರು. ಡಿಸೆಂಬರ್ ಕೊನೆಗೆ ಮಾತುಕತೆ ಸತ್ತೇ ಹೋಯ್ತು.

ಬಾಸ್ಟನ್ ಪೂರ್ತಿ ಯೂನಿಯನ್‌ಗೆ ಶಾಪ ಹಾಕ್ತು. ಅವನ ದುಡ್ಡು, ಅವನಿಷ್ಟ, ಇವರ್ಯಾರು ಕೇಳೋಕೆ ಅಂತ. ಟ್ರೇಡ್ ಆಗ್ಲಿ ಅನ್ನೋ ಗುಂಪಲ್ಲಿದ್ದ ನನಗೆ ಇಲ್ಲಿ ಮಾತ್ರ ಯೂನಿಯನ್‌ದೇ ಸರಿ ಅನ್ಸುತ್ತೆ. ಯಾಕೆ ಹೇಳಿ, ಏ-ರಾಡ್‌ಗೆ 28 ಮಿಲಿಯನ್ ಹೋದ್ರೆ ಏನೂ ಆಗಲ್ಲ. ಆದ್ರೆ ಇವತ್ತು ಸ್ಟಾರ್ ಖುಷಿಯಿಂದ ಬಿಟ್ಕೊಟ್ಟ ಅಂದ್ರೆ, ನಾಳೆ ಮಾಲೀಕರು ಒಬ್ಬ ಸಾಧಾರಣ ಆಟಗಾರನನ್ನ ಕೂರಿಸ್ಕೊಂಡು, ನೋಡಪ್ಪ, ಒಳ್ಳೇ ಟೀಮಿಗೆ ಹೋಗ್ಬೇಕಾ, ಸಂಬಳ ಇಳಿಸ್ಕೋ, ಇಲ್ಲಾಂದ್ರೆ ಬೆಂಚಲ್ಲೇ ಕೂತಿರು ಅಂತಾರೆ. ಆಗ ಅವನು ಖುಷಿಯಿಂದ ಒಪ್ಪಿದ್ನೋ ಹೆದರಿ ಒಪ್ಪಿದ್ನೋ ಯಾರಿಗೆ ಗೊತ್ತಾಗುತ್ತೆ. ಕರ್ಟ್ ಫ್ಲಡ್ ಒಬ್ಬಂಟಿಯಾಗಿ ಕೋರ್ಟಲ್ಲಿ ನಿಂತಿದ್ದನ್ನ ನೋಡಿದ ಯೂನಿಯನ್ ಅದು, ಅಷ್ಟು ಸುಲಭಕ್ಕೆ ಬಾಗಿಲು ತೆರೀತಾರಾ?

ಮುಂದಿನದು ನಿಮ್ಮಲ್ಲಿ ತುಂಬಾ ಜನಕ್ಕೆ ಗೊತ್ತಿರುತ್ತೆ, ಓಡಿಸಿಬಿಡ್ತೀನಿ. ಜನವರಿಯಲ್ಲಿ ಅದೇ ಆರನ್ ಬೂನ್ ಬಾಸ್ಕೆಟ್‌ಬಾಲ್ ಆಡೋಕೆ ಹೋಗಿ ಮಂಡಿ ಮುರ್ಕೊಂಡ. ಯಾಂಕೀಸ್‌ಗೆ ಮೂರನೇ ಬೇಸ್ ಖಾಲಿ. ಫೆಬ್ರವರಿಯಲ್ಲಿ ಅಲ್ಫಾನ್ಸೊ ಸೊರಿಯಾನೊನ ಟೆಕ್ಸಸ್‌ಗೆ ಕೊಟ್ಟು ಏ-ರಾಡ್‌ನ ಎತ್ತಾಕ್ಕೊಂಡು ಹೋದ್ರು, ಟೆಕ್ಸಸ್ಸೇ 67 ಮಿಲಿಯನ್ ಕೈಯಿಂದ ಕೊಟ್ಟು ಕಳಿಸ್ತು. ಷಾರ್ಟ್‌ಸ್ಟಾಪಲ್ಲಿ ಡೆರೆಕ್ ಜೀಟರ್ ಇದ್ದಿದ್ರಿಂದ ಇವನು ಪಕ್ಕದ ಜಾಗಕ್ಕೆ ಸರಿದ. ನಮ್ಮೂಟದ ಟೇಬಲ್ ಆ ವಾರ ಸಾವಿನ ಮನೆ ಥರ ಇತ್ತು.

ಆಮೇಲೆ ಜುಲೈ 31ಕ್ಕೆ ನೋಮಾರ್‌ನ ಷಿಕಾಗೋ ಕಬ್ಸ್‌ಗೆ ಕಳಿಸೇಬಿಟ್ರು. ಅಕ್ಟೋಬರಲ್ಲಿ ಮತ್ತೆ ಯಾಂಕೀಸ್, 0-3 ಹಿಂದೆ, ಮೂರನೇ ಮ್ಯಾಚಲ್ಲಿ 19-8 ಅಂತ ಚಚ್ಚಿಸ್ಕೊಂಡಿದ್ರು. ಅಲ್ಲಿಂದ ನಾಲ್ಕಕ್ಕೆ ನಾಲ್ಕೂ ಗೆದ್ರು. ಆರನೇ ಮ್ಯಾಚಿನ ಎಂಟನೇ ಇನ್ನಿಂಗ್ಸಂತೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಏ-ರಾಡ್ ಹೊಡೆದ ಬಾಲ್ ಸಣ್ಣಕೆ ಉರುಳ್ಕೊಂಡು ಬಂತು, ಪಿಚರ್ ಬ್ರಾನ್ಸನ್ ಅರೋಯೋ ಎತ್ಕೊಂಡು ಟ್ಯಾಗ್ ಮಾಡೋಕೆ, ಅಂದ್ರೆ ಬಾಲ್ ಮುಟ್ಟಿಸಿ ಔಟ್ ಮಾಡೋಕೆ, ಗ್ಲವ್ ಚಾಚಿದ, ಓಡ್ತಾ ಬಂದ ಏ-ರಾಡ್ ಪಟ್ ಅಂತ ಆ ಕೈಗೆ ಏಟು ಕೊಟ್ಟ, ಬಾಲು ಗ್ಲವ್ಸಿಂದ ಜಾರಿ ಆಚೆ. ಫಸ್ಟ್ ಬೇಸಲ್ಲಿದ್ದ ಜೀಟರ್ ಓಡಿ ಬಂದು ರನ್ ಮಾಡೇಬಿಟ್ಟ. ಅಂಪೈರ್‌ಗಳೆಲ್ಲಾ ಗುಂಪು ಸೇರಿ ಮಾತಾಡಿ, ಇದು ಆಟದ ರೀತಿಯಲ್ಲ, ಔಟ್ ಅಂದ್ರು, ಜೀಟರ್‌ನ ವಾಪಸ್ ಕಳಿಸಿದ್ರು. ಏ-ರಾಡ್ ಎರಡೂ ಕೈ ಚೆಲ್ಲಿ, ನಾನೇನ್ ಮಾಡ್ದೆ ಅನ್ನೋ ಮುಖ ಮಾಡ್ಕೊಂಡು ನಿಂತಿದ್ದ. ಆಮೇಲೆ ಸೇಂಟ್ ಲೂಯಿಸ್ ಮೇಲೆ 4-0, 86 ವರ್ಷದ ಮೇಲೆ ವರ್ಲ್ಡ್ ಸೀರೀಸ್, ಅದರ ಎಂವಿಪಿ ಯಾರು? ಪುಕ್ಕಟೆಗೂ ಯಾರೂ ಮುಟ್ಟದಿದ್ದ ಮ್ಯಾನಿ ರಮಿರೆಜ್.

ಅವತ್ತಿಂದ ಜರ್ಸಿ ಪಾರ್ಟಿಯವರು, ನೋಡಿದ್ರಾ, ಟ್ರೇಡ್ ಆಗದಿದ್ದಿದ್ದೇ ಒಳ್ಳೇದಾಯ್ತು ಅಂತ ಎದೆ ತಟ್ಕೊಂಡು ಓಡಾಡ್ತಿದಾರೆ. ಇದನ್ನ ನಾನು ಒಪ್ಪಲ್ಲ. ಗೆದ್ದ ಮೇಲೆ ಹಿಂದಿರುಗಿ ನೋಡಿದ್ರೆ ಎಲ್ಲಾ ಸರಿಯಾಗೇ ಕಾಣುತ್ತೆ. ಉಳಿಸ್ಕೊಳ್ಳಿ ಅಂತ ನೀವು ಅತ್ರಲ್ಲ, ಆ ನೋಮಾರ್ ಜುಲೈಯಲ್ಲೇ ಹೋಗಿದ್ದ ಅಲ್ವಾ! ಹಾಗಂತ ನಮ್ಮ ಪ್ರಿಂಟ್ ಪಾರ್ಟಿ ಕಡೆನೂ ತೂತಿದೆ, ಅವರು ಬೇಕು ಬೇಕು ಅಂದ ಓರ್ಡೋನೆಜ್ 2004ರಲ್ಲಿ ಮಂಡಿ ನೋವಿಂದ 52 ಮ್ಯಾಚ್ ಅಷ್ಟೇ ಆಡಿದ್ದು, ಮ್ಯಾನಿ ಜೊತೆ ಟೆಕ್ಸಸ್‌ಗೆ ಹೋಗ್ಬೇಕಿದ್ದ ಹುಡುಗ ಜಾನ್ ಲೆಸ್ಟರ್, 2007ರಲ್ಲಿ ವರ್ಲ್ಡ್ ಸೀರೀಸಿನ ಕೊನೇ ಮ್ಯಾಚ್ ಗೆಲ್ಲಿಸಿಕೊಟ್ಟ. ಏ-ರಾಡೂ ಸುಮ್ನೆ ಕೂರ್ಲಿಲ್ಲ, 2005, 2007 ಎರಡೂ ವರ್ಷ ಎಂವಿಪಿ.

ಆದ್ರೆ ಎಲ್ರ ತಲೆ ಮೇಲೂ ನೀರು ಸುರಿದಿದ್ದು 2009ರ ಫೆಬ್ರವರಿ. ಏ-ರಾಡ್ ಟಿವಿಯಲ್ಲಿ ಕೂತ್ಕೊಂಡು, ಟೆಕ್ಸಸಲ್ಲಿದ್ದಾಗ 2001ರಿಂದ 2003ರವರೆಗೆ ನಿಷೇಧಿತ ಡ್ರಗ್ಸ್ ತಗೊಂಡಿದ್ದೆ ಅಂತ ಒಪ್ಕೊಂಡ. ಅಂದ್ರೆ 52, 57, 47, ನಾವು ಎರಡು ತಿಂಗಳು ಯಾವ ನಂಬರ್ ಇಟ್ಕೊಂಡು ಹೊಡೆದಾಡಿದ್ವೋ ಕರೆಕ್ಟಾಗಿ ಅದೇ ಮೂರು ವರ್ಷ! ಬೇಕು ಅಂದೋರೂ ಆ ನಂಬರ್ ನಂಬಿದ್ರು, ಬೇಡ ಅಂದೋರೂ ನಂಬಿದ್ರು, ಹೋಮ್ ರನ್ ಸುಳ್ಳಿರಬಹುದು ಅಂತ ಟೇಬಲ್ ಮೇಲೆ ಯಾರೂ ಹೇಳ್ಲಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ಡ್ರಗ್ಸ್ ವಿಷಯಕ್ಕೇ ಮ್ಯಾನಿಗೂ 50 ಮ್ಯಾಚ್ ಸಸ್ಪೆನ್ಷನ್ ಬಿತ್ತು, ಅಲ್ಲಿಗೆ ಟ್ರೇಡಿನ ಎರಡೂ ಕಡೆ ಸಮಸಮ.

ಮೂಕಿ ಬೆಟ್ಸ್ ಬಗ್ಗೆನೂ ಹೇಳಿ ಅಂತ ಹಿಂದಿನ ಸಾಲಿಂದ ಯಾರೋ ಕೂಗ್ತಿದೀರಿ. ಅವನೂ ರೆಡ್ ಸಾಕ್ಸ್‌ನ ಸ್ಟಾರ್ ಆಗಿದ್ದವನೇ, 2020ರಲ್ಲಿ ಅವನನ್ನ ಲಾಸ್ ಏಂಜಲೀಸ್‌ಗೆ ಕಳಿಸಿದ್ದು ಬರೀ ದುಡ್ಡು ಉಳಿಸೋಕೆ, ಅವರು ಅದೇ ವರ್ಷ ಕಪ್ ಗೆದ್ರು, ನಮಗೆ ಬಂದ ಅಲೆಕ್ಸ್ ವರ್ಡೂಗೋ 2023ರ ಡಿಸೆಂಬರಲ್ಲಿ ಯಾಂಕೀಸ್‌ಗೇ ಹೋದ. ಅದರ ಬಗ್ಗೆ ನಾನು ಸಭ್ಯವಾಗಿ ಮಾತಾಡೋಕಾಗಲ್ಲ, ಮಕ್ಕಳೆಲ್ಲಾ ಕೂತಿದಾರೆ. ಊಟಕ್ಕೆ ಬನ್ನಿ, ಅಲ್ಲಿ ಹೇಳ್ತೀನಿ.